ಗುಜರಿ ಲೆಕ್ಕ

ಮಲೆನಾಡಿನ ಹಳೆಯ ಮನೆಯ ಮಾಡು ಇಳಿಸಿ, ಕಿಟಕಿ ಬಾಗಿಲು ಕಿತ್ತು, ಬರೀ ಮಣ್ಣಿನ ಗೋಡೆ ಉಳಿಸಿಕೊಂಡು ನಿಂತರೆ ದಾರಿಯಲ್ಲಿ ಹೋಗುವವರೆಲ್ಲ ಇಂಜಿನಿಯರುಗಳೇ. ‘ಈ ದುಡ್ಡಲ್ಲಿ ಹೊಸದೇ ಕಟ್ಟಬಹುದಿತ್ತಲ್ಲ ಮಾರಾಯ್ರೆ’ ಎನ್ನುತ್ತಾರೆ. ‘ಈ ದುಡ್ಡು’ ಎಷ್ಟೆಂದು ನನಗೇ ಇನ್ನೂ ಗೊತ್ತಿರಲಿಲ್ಲ.

ನಮ್ಮ ಮೇಸ್ತ್ರಿಗೆ ಹಳೆಯದೆಲ್ಲ ಗುಜರಿ. ‘ಹೆಂಚು ಯಾಕೆ ಸಾರ್, ಶೀಟ್ ಹೊದೆಸಿಬಿಡಿ’ ಎಂದ. ಹೆಂಚು ಮಗುಚಿದರೆ ಬಾಸೆಲ್ ಮಿಷನ್ ಮುದ್ರೆ, ಜೊತೆಗೆ 1865. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷವಲ್ಲ. ಆದರೂ ನೋಡಲು ಬಂದವರ ಮುಂದೆ ಈ ವಿವರವನ್ನು ನಾನು ಎತ್ತುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ಣೆಂದದ್ದು ಗಟ್ಟಿ, ಬೊದ್ದೆಂದದ್ದು ಬಿರುಕು. ಒಡೆದವುಗಳ ಬದಲಿಗೆ ಸಿಕ್ಕಿದ್ದನ್ನು ತರುವ ಹಾಗಿಲ್ಲ, ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರುವುದು ಕಷ್ಟ. ಹಾಗಾಗಿ ಊರೂರಲ್ಲಿ ಯಾರ ಮನೆ ಕೆಡವುತ್ತಾರೆಂದು ವಿಚಾರಿಸುವ ಅಪಶಕುನದ ಉದ್ಯೋಗ ನನ್ನ ಪಾಲಿಗೆ ಬಂತು. ಉಳಿಸಿದ ಹೆಂಚಿನ ಪಾಚಿ ಉಜ್ಜಲು ಆಳು, ಆಳಿಗೆ ಚಹಾ, ಕಿತ್ತ ಮರ ನೆನೆಯದಂತೆ ತಾಡಪಾಲು. ಉಳಿತಾಯಕ್ಕೂ ಒಂದು ಖರ್ಚಿನ ಪುಸ್ತಕ ಬೇಕಾಯಿತು.

ಮರದ ವಿಷಯದಲ್ಲಿ ಮಾತ್ರ ಲಾಭ ಕಣ್ಣಿಗೆ ಕಾಣುತ್ತದೆ. ದಶಕಗಟ್ಟಲೆ ಒಣಗಿದ ಹಲಸಿನ ಬಾಗಿಲು ಇನ್ನು ಡೊಂಕಾಗುವುದೇನಿದೆ? ಬುಡದಲ್ಲಿ ಗೆದ್ದಲು ತಿಂದ ಕಂಬವನ್ನೂ ಎಸೆಯಲಿಲ್ಲ. ಬುಡ ಕೊಯ್ದು ಕೆಳಗೆ ಕಲ್ಲು ಕೊಟ್ಟೆವು. ಗೋಡೆಗೆ ಸಿಮೆಂಟು ಬಳಿಯುತ್ತೇನೆಂದ ಮೇಸ್ತ್ರಿಯೊಡನೆ ಜಗಳವೇ ಆಯಿತು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಗಿಲಾವು ಹಪ್ಪಳದಂತೆ ಏಳುತ್ತದೆ. ಕೊನೆಗೆ ಸುಣ್ಣದ ಗಾರೆಯೇ ಗೆದ್ದಿತು.

ವೈರಿಂಗಿನಲ್ಲಿ ನಾನು ಕಾಸು ಹಿಡಿಯಲಿಲ್ಲ. ಹಳೇ ವೈರಿನ ಮೇಲೆ ಯಾವ ಮಮಕಾರವೂ ಬೇಡ.

ನಿಜವಾಗಿ ಜೇಬು ಕೊರೆಯುವುದು ಬೇರೆಯೇ. ‘ಹೇಗೂ ಅಗೆದಿದ್ದೀರಿ, ಇಲ್ಲೊಂದು ಬಚ್ಚಲು ಮಾಡಿಸಿ’ ಎಂದರು ಅತ್ತೆ. ಬಚ್ಚಲಿಗೆ ಪೈಪು, ಪೈಪಿಗೆ ಮೇಲೊಂದು ಟ್ಯಾಂಕು, ಟ್ಯಾಂಕಿಗೆ ಕಟ್ಟೆ. ಹೆಂಚಿನಲ್ಲಿ ಉಳಿದದ್ದೆಲ್ಲ ಆ ಬಚ್ಚಲಿನಲ್ಲಿ ಹರಿದುಹೋಯಿತು.

ಕೆಲಸ ಮುಗಿಯುವ ಹೊತ್ತಿಗೆ ಒಂದು ಜೋಡಿ ಬಾಗಿಲು ಮಿಕ್ಕಿತ್ತು. ಮೇಸ್ತ್ರಿ ಅದನ್ನು ಸವರುತ್ತ, ‘ಇದನ್ನ ಏನ್ಮಾಡ್ತೀರಿ ಸಾರ್? ನಮ್ಮನೆ ಕೆಲಸ ಶುರು ಮಾಡ್ಬೇಕು’ ಎಂದ. ಗುಜರಿ ರೇಟು ಹೇಳಿದೆ. ಅವನು ಚೌಕಾಸಿಗೆ ಕೂತ.