ಎಟುಕುವುದು ಯಾರ ಕೈಗೆ?

ನದಿ ದಂಡೆಯ ಪಾಳು ಜಾಗದಲ್ಲಿ ‘ಕೈಗೆಟುಕುವ ಮನೆ’ಗಳನ್ನು ಕಟ್ಟಲು, ಕಟ್ಟಡಗಳಿಗೆ ಅನುಮತಿ ಕೊಡುವ ಸ್ಥಳೀಯ ಯೋಜನಾ ಸಮಿತಿಯ ಒಪ್ಪಿಗೆ ಸಿಕ್ಕಿತು ಎಂಬ ಸುದ್ದಿ ಇಂಗ್ಲೆಂಡಿನಿಂದ ಬಂದಾಗಲೆಲ್ಲ ನನಗೆ ನೆನಪಾಗುವುದು ದ್ರಾಕ್ಷಿ ಗೊಂಚಲಿನ ಕೆಳಗೆ ನೆಗೆನೆಗೆದು ಸುಸ್ತಾದ ನರಿ. ಪಾಪ, ಅದಕ್ಕೆ ಯೋಜನಾ ಸಮಿತಿಯ ನೆರವಿರಲಿಲ್ಲ. ಇದ್ದಿದ್ದರೆ ಗೊಂಚಲು ಇದ್ದ ಎತ್ತರದಲ್ಲೇ ಇರುತ್ತಿತ್ತು, ಅದರ ಕೆಳಗೆ ‘ಕೈಗೆಟುಕುವ ದ್ರಾಕ್ಷಿ’ ಎಂಬ ಫಲಕ ತೂಗುತ್ತಿತ್ತು, ಹುಳಿ ಎಂದು ಬೈದುಕೊಂಡು ಹೋಗುವ ಸಮಾಧಾನವೂ ನರಿಗೆ ದಕ್ಕುತ್ತಿರಲಿಲ್ಲ.

ಎಟುಕಬೇಕಾದರೆ ಒಂದು ಕೈ ಬೇಕಷ್ಟೆ. ಆ ಕೈ ಯಾರದ್ದೆಂದು ಹುಡುಕಿಕೊಂಡು ಹೋದರೆ ಸಿಗುವುದು 2011ರಲ್ಲಿ ಅಲ್ಲಿನ ಸರ್ಕಾರ ಬಳಕೆಗೆ ತಂದ ‘ಕೈಗೆಟುಕುವ ಬಾಡಿಗೆ’. ಅದು ಆಯಾ ಪ್ರದೇಶದ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೂ ಇರಬಹುದು. ಅಂಗಿ ಹೊಲಿಸಲು ಬಂದ ಬಡಕಲು ಮನುಷ್ಯನನ್ನು ಪಕ್ಕಕ್ಕೆ ಕೂರಿಸಿ, ಬೀದಿಯಲ್ಲಿ ಹೋಗುತ್ತಿದ್ದ ಪೈಲ್ವಾನನನ್ನು ಕರೆದು ಅಳತೆ ತೆಗೆದು, ಅದರಲ್ಲಿ ಐದನೇ ಒಂದು ಪಾಲು ಕತ್ತರಿಸಿ, ‘ನಿನಗೆಂದೇ ಹೊಲಿದದ್ದು’ ಎಂದು ಕೈಗಿಡುವ ದರ್ಜಿಯ ಕಸುಬು ಇದು. ಪೈಲ್ವಾನ ವರ್ಷವರ್ಷವೂ ಮೈ ತುಂಬಿಕೊಳ್ಳುತ್ತಾನೆ, ಅಂಗಿಯೂ ಅವನೊಂದಿಗೆ ಬೆಳೆಯುತ್ತದೆ.

ಇದಕ್ಕಿಂತ ಉದಾರವಾದ ಯೋಜನೆಯೂ ಬಂದಿತ್ತು. ಮೊದಲ ಮನೆ ಕೊಳ್ಳುವ ಯುವಜನರಿಗಾಗಿ ‘ಸ್ಟಾರ್ಟರ್ ಹೋಮ್’ ಎಂಬ ಹೆಸರಿನಲ್ಲಿ 2,00,000 ಮನೆಗಳನ್ನು ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ 2015ರಲ್ಲಿ ಘೋಷಿಸಿದರು. ಲಂಡನ್ನಿನಲ್ಲಿ ಅಂತಹ ಮನೆಯ ಬೆಲೆ 4,50,000 ಪೌಂಡ್ ಮೀರಬಾರದು ಎಂಬ ಕಟ್ಟುನಿಟ್ಟು ಬೇರೆ. 2019ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಎಣಿಸಲು ಕುಳಿತಾಗ ಕಟ್ಟಿದ ಮನೆಗಳ ಸಂಖ್ಯೆ ಸೊನ್ನೆಯಾಗಿತ್ತು. ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಕೈಗೂ ಸಮನಾಗಿ ಎಟುಕಿದ ವಸತಿ ಯೋಜನೆ ಇದೊಂದೇ ಇರಬೇಕು.

ಇನ್ನು ಪಾಳು ಜಾಗದ ಮಹಿಮೆ. ಅನುಮತಿ ಬೇಕಾದಾಗ ಅದು ಊರಿಗೆ ಕಳಂಕ. ಇಲಿ ಹೆಗ್ಗಣಗಳ ಬೀಡನ್ನು ಉದ್ಧರಿಸಲು ಯಾರೋ ಮುಂದೆ ಬಂದಿರುವಾಗ ಸಣ್ಣಪುಟ್ಟ ತಕರಾರು ಸಲ್ಲದು. ಅನುಮತಿ ಸಿಕ್ಕ ಮೇಲೆ ಅದೇ ಪಾಳು ದೊಡ್ಡ ಖರ್ಚಿನ ಬಾಬತ್ತು. ಮಣ್ಣಿನಲ್ಲಿ ವಿಷ, ದಂಡೆಗೆ ಪ್ರವಾಹದ ಭಯ, ಆದ್ದರಿಂದ ಒಪ್ಪಿಕೊಂಡಷ್ಟು ಬಡವರ ಮನೆಗಳನ್ನು ಕಟ್ಟಲು ಲೆಕ್ಕ ಕೂಡುವುದಿಲ್ಲ. ಅನುಮತಿಗೆ ಬದಲಾಗಿ ಇಂತಿಷ್ಟು ಬಡವರ ಮನೆಗಳನ್ನು ಕೊಡುತ್ತೇನೆಂದು ಬಿಲ್ಡರ್ ಒಪ್ಪುವ ಕರಾರು ನಡೆಯುವುದು 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ನಿನಡಿ. ಅದನ್ನು ಸಡಿಲಿಸಲು ಬಳಸುವ ಇಕ್ಕಳದ ಹೆಸರು ಆರ್ಥಿಕ ಕಾರ್ಯಸಾಧ್ಯತೆಯ ವರದಿ, ಅಂದರೆ ಯೋಜನೆ ಲಾಭಕ್ಕೆ ಗಿಟ್ಟುತ್ತದೆಯೇ ಎಂಬ ಲೆಕ್ಕ. ಒಟ್ಟು ಮಾರಾಟ ಮೌಲ್ಯದ ಶೇ 15ರಿಂದ 20ರಷ್ಟನ್ನು ಬಿಲ್ಡರನ ಸೂಕ್ತ ಪ್ರತಿಫಲವೆಂದು ಪರಿಗಣಿಸಬಹುದು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹೀಗೆ ಲಾಭವನ್ನು ಮೊದಲೇ ಎಲೆಗೆ ಬಡಿಸಿಟ್ಟು, ತಳದಲ್ಲಿ ಏನಾದರೂ ಉಳಿದಿದ್ದರೆ ಬಡವರ ಪಂಕ್ತಿಯತ್ತ ನೋಡುತ್ತಾರೆ.

ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಕತೆ ಕೇಳಿ. 1983ರಲ್ಲಿ ಅದು ಬಾಗಿಲು ಹಾಕಿತು. ಅದನ್ನು ಮನರಂಜನಾ ಪಾರ್ಕ್ ಮಾಡುತ್ತೇನೆಂದು ಬಂದವರು ಚಾವಣಿಯನ್ನು ಕಿತ್ತರು, ಅಷ್ಟರಲ್ಲಿ ಹಣ ಮುಗಿಯಿತು, ಮುಂದೆ ಹಲವು ವರ್ಷ ಮಳೆಯೇ ಅಲ್ಲಿ ಮನರಂಜನೆ ಪಡೆಯಿತು. 2012ರಲ್ಲಿ ಮಲೇಷ್ಯಾದ ಹೂಡಿಕೆದಾರರು ಕೊಂಡರು. ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳ ಯೋಜನೆಯಲ್ಲಿ ‘ಕೈಗೆಟುಕುವವು’ 636 ಎಂದಿತ್ತು. 2017ರಲ್ಲಿ ಖರ್ಚು ಏರಿತೆಂಬ ಅಳಲಿಗೆ ಅಲ್ಲಿನ ಸ್ಥಳೀಯ ಆಡಳಿತವಾದ ವ್ಯಾಂಡ್ಸ್‌ವರ್ತ್ ಕೌನ್ಸಿಲ್ ಕರಗಿ ಸಂಖ್ಯೆಯನ್ನು 386ಕ್ಕೆ ಇಳಿಸಿತು. ಉಳಿದ 250ರ ವಿಚಾರವನ್ನು ಮುಂದೆ ಲಾಭ ನೋಡಿಕೊಂಡು ಪರಿಶೀಲಿಸಬಹುದಂತೆ. ಆ 386 ಮನೆಗಳೂ ನದಿಗೆ ಮುಖ ಮಾಡಿಲ್ಲ. ಅವು ತುಸು ದೂರದ ಒಳಬೀದಿಯಲ್ಲಿವೆ.

ಅಲ್ಲೇ ಹತ್ತಿರದ ನೈನ್ ಎಲ್ಮ್ಸ್‌ನಲ್ಲಿ ಎರಡು ಕಟ್ಟಡಗಳ ಹತ್ತನೇ ಅಂತಸ್ತಿನ ನಡುವೆ ಗಾಜಿನಂಥ ಪಾರದರ್ಶಕ ಈಜುಕೊಳವೊಂದು 2021ರಲ್ಲಿ ತೆರೆಯಿತು. ಅದೇ ವಸತಿ ಸಂಕೀರ್ಣದಲ್ಲಿ ಮನೆಯ ಒಂದು ಪಾಲನ್ನು ಕೊಂಡು ಉಳಿದ ಪಾಲಿಗೆ ಬಾಡಿಗೆ ಕಟ್ಟುವ ನಿವಾಸಿಗಳಿಗೆ ಅದರಲ್ಲಿ ಇಳಿಯುವ ಹಕ್ಕಿಲ್ಲ. ತಲೆಯೆತ್ತಿ ನೋಡುವುದಕ್ಕೆ ಅಡ್ಡಿಯಿಲ್ಲ. ತಳ ಪಾರದರ್ಶಕವಾಗಿರುವುದು ಅವರ ಮೇಲಿನ ಕರುಣೆಯಿಂದಲೇ ಇರಬಹುದು.

ನಗುವುದಕ್ಕೂ ಬೇಸರ ಬರುತ್ತದೆ. ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿ ದಿನ ದೂಡುತ್ತಿವೆ. ಒಂದೇ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ, ಅಲ್ಲೇ ಓದುತ್ತಾರೆ, ಅಲ್ಲೇ ಕೆಮ್ಮುತ್ತಾರೆ. ಬಿಲ್ಡರುಗಳು ಅವರ ಹೆಸರು ಹೇಳಿ ಅನುಮತಿ ಪಡೆಯುತ್ತಾರೆ, ಅವರ ಮನೆ ಕಡಿಮೆ ಮಾಡಿ ಲೆಕ್ಕ ಸರಿಹೊಂದಿಸುತ್ತಾರೆ. ಇದನ್ನು ಮೋಸ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಏಕೆಂದರೆ ಪ್ರತಿಯೊಂದು ಹೆಜ್ಜೆಗೂ ಸಹಿ ಇದೆ, ಸಭೆಯ ನಡಾವಳಿ ಇದೆ.

ಬ್ಯಾಟರ್‌ಸೀಯ ಚಿಮಣಿಯೊಂದರೊಳಗೆ ಈಗ ಗಾಜಿನ ಲಿಫ್ಟ್ ಇದೆ. ಟಿಕೆಟ್ ಕೊಂಡವರನ್ನು ಅದು 109 ಮೀಟರ್ ಎತ್ತರಕ್ಕೆ ಒಯ್ದು ಲಂಡನ್ನನ್ನು ಸುತ್ತಲೂ ತೋರಿಸುತ್ತದೆ. ಆ 250 ಮನೆಗಳು ಎಲ್ಲಾದರೂ ಕಾಣುತ್ತವೆಯೇ ಎಂದು ಹೋದವರು ಒಮ್ಮೆ ನೋಡಿ ಬರಬೇಕು.