ರಾತ್ರಿ ಹಾಸ್ಟೆಲ್ ಯಾರ ಕೈಯಲ್ಲಿರುತ್ತದೆ?

ಇವತ್ತು ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿಯ ಹೋಟೆಲೊಂದರಲ್ಲಿ ಕುಳಿತಿದ್ದೆ. ಪಕ್ಕದ ಮೇಜಿಗೆ ಐದು ಜನ ಕಾಲೇಜು ಹುಡುಗರು ಬಂದರು. ಮೂವರು ಕುಳಿತರು, ಇಬ್ಬರು ನಿಂತೇ ಇದ್ದರು. ನಿಂತವರ ತಲೆಗೂದಲು ತೀರಾ ಗಿಡ್ಡವಾಗಿ ಕತ್ತರಿಸಿತ್ತು, ಕಣ್ಣು ತಮ್ಮದೇ ಅಂಗಿಯ ಮೂರನೆಯ ಗುಂಡಿಯ ಮೇಲೆ ನೆಟ್ಟಿತ್ತು. ಕುಳಿತವನೊಬ್ಬ ದೋಸೆ ಮುರಿಯುತ್ತಲೇ "ಹೇಳು" ಎಂದ. ಹುಡುಗ ಹೆಸರು, ಊರು, ಅಪ್ಪನ ಕಸುಬು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಹೊಸನಗರದ ಕಡೆಯವನು. "ಕೇಳಿಸಲಿಲ್ಲ." ಹುಡುಗ ಮತ್ತೆ ಮೊದಲಿನಿಂದ ಶುರುಮಾಡಿದ.

ನನ್ನ ಸ್ವಭಾವ ನಿಮಗೆ ಗೊತ್ತು. ಇದು ರ‍್ಯಾಗಿಂಗ್ ಎಂದು ಗೊತ್ತಾಯಿತು, ಎದ್ದು ಹೋಗಿ ಬೈದೆ. ಕುಳಿತವರು ನಕ್ಕರು. ಉತ್ತರ ಕೊಟ್ಟವನು ನಿಂತಿದ್ದವನೇ: "ಏನೂ ಇಲ್ಲ ಅಂಕಲ್, ಇವರು ನಮ್ಮ ಅಣ್ಣಂದಿರು." ಗಲ್ಲಾದಲ್ಲಿದ್ದವರು ಸಮಾಧಾನ ಬೇರೆ ಹೇಳಿದರು: "ಬಿಡಿ ಸಾರ್, ಮಿಲಿಟರಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದಂತೆ. ಹುಡುಗರು ಗಟ್ಟಿಯಾಗುತ್ತಾರೆ."

ಮಿಲಿಟರಿಯ ಮಾತು ತೆಗೆದರಲ್ಲ, ಅದನ್ನೇ ನೋಡೋಣ. ಸೋವಿಯತ್ ಸೇನೆಯಲ್ಲಿ ಹೊಸಬರನ್ನು ಹಳಬರು ಹಿಂಸಿಸುವ ಪದ್ಧತಿ ಕುಖ್ಯಾತ. 1967ರಲ್ಲಿ ಅಲ್ಲಿ ಕಡ್ಡಾಯ ಸೇವೆಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿ, ವರ್ಷಕ್ಕೆ ಎರಡು ಬಾರಿ ಭರ್ತಿ ಶುರುಮಾಡಿದರು. ಒಂದೇ ಬ್ಯಾರಕ್ಕಿನಲ್ಲಿ ನಾಲ್ಕು ತಂಡಗಳು, ಒಂದರ ತಲೆಯ ಮೇಲೆ ಇನ್ನೊಂದು. ಮೂರು ವರ್ಷ ಸವೆಸಬೇಕಾದವರಿಗೆ ಎರಡೇ ವರ್ಷಕ್ಕೆ ಮನೆಗೆ ಹೋಗುವವರನ್ನು ಕಂಡರೆ ಹೊಟ್ಟೆಯುರಿ. ಸಾರ್ಜೆಂಟ್‌ಗಳಲ್ಲಿ ಬಹುಪಾಲು ಜನ ಅದೇ ವಯಸ್ಸಿನ ಕಡ್ಡಾಯ ಸೈನಿಕರೇ. ಸಂಜೆ ಅಧಿಕಾರಿಗಳು ಮನೆಗೆ ಹೋದರೆಂದರೆ ರಾತ್ರಿಯ ಬ್ಯಾರಕ್ಕು ಹಳಬರ ಪಾಲು. ಸೋವಿಯತ್ ಒಕ್ಕೂಟ ಹೋಯಿತು, ಪದ್ಧತಿ ಹೋಗಲಿಲ್ಲ. 2005ರ ಕೊನೆಯ ರಾತ್ರಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಆಂದ್ರೇ ಸಿಚ್ಯೋವ್ ಎಂಬ ಹೊಸ ಸೈನಿಕನನ್ನು ಹಿಂಸಿಸಿದ ರೀತಿಗೆ ಅವನ ಎರಡೂ ಕಾಲುಗಳನ್ನು ವೈದ್ಯರು ಕತ್ತರಿಸಬೇಕಾಯಿತು. ಗಟ್ಟಿಯಾದನೇ ಸ್ವಾಮಿ?

ಅದಕ್ಕೇ ಹೇಳುತ್ತಿದ್ದೇನೆ, ಇದು ಕೆಟ್ಟ ಹುಡುಗರ ಪ್ರಶ್ನೆಯಲ್ಲ. ಬಿಟ್ಟುಹೋಗಲಾಗದ ಒಂದು ಜಾಗ, ಒಂದು ವರ್ಷ ಮೊದಲು ಬಂದದ್ದನ್ನು ಬಿಟ್ಟರೆ ಬೇರೆ ಹೆಚ್ಚುಗಾರಿಕೆಯಿಲ್ಲದ ಒಂದಷ್ಟು ಜನ, ಕಾಯಬೇಕಾದವನು ಗೈರು. ಇಷ್ಟಿದ್ದರೆ ಸಾಕು, ಒಳ್ಳೆಯ ಮನೆಯ ಮಗನೂ ಬೆಲ್ಟು ಬಿಚ್ಚುತ್ತಾನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಅಪ್ಪನ ಕಸುಬನ್ನು ಯಾಕೆ ಕೇಳುತ್ತಾರೆ ಗೊತ್ತೇ? ಸರ್ಕಲ್ ಇನ್‌ಸ್ಪೆಕ್ಟರ್ ಎಂದವನನ್ನು ಆ ಕ್ಷಣವೇ ಕೂರಿಸಿ ಟೀ ಕುಡಿಸುತ್ತಾರೆ. ಕೊನೆಯವರೆಗೂ ನಿಲ್ಲುವವನು ಅಡಿಕೆ ಸುಲಿಯಲು ಹೋಗುವವರ ಮಗ.

"ಒಗ್ಗಟ್ಟು ಬೆಳೆಯುತ್ತದೆ, ಆಮೇಲೆ ನೋಟ್ಸ್ ಕೊಡುವವರೂ ಅವರೇ" ಎನ್ನುವವರಿದ್ದಾರೆ. ಒಗ್ಗಟ್ಟು ಬೆಳೆದಂತೆ ಅನ್ನಿಸುವುದು ನಿಜ. 1959ರಲ್ಲಿ ಆರನ್‌ಸನ್ ಮತ್ತು ಮಿಲ್ಸ್ ಎಂಬ ಮನೋವಿಜ್ಞಾನಿಗಳು ಒಂದು ಚರ್ಚಾಕೂಟಕ್ಕೆ ಸೇರಬಯಸಿದ ವಿದ್ಯಾರ್ಥಿನಿಯರಲ್ಲಿ ಕೆಲವರಿಂದ ಮೊದಲು ನಾಚಿಕೆಗೇಡಿನ ಮಾತುಗಳನ್ನು ಗಟ್ಟಿಯಾಗಿ ಓದಿಸಿದರು. ಕೂಟದ ಚರ್ಚೆಯನ್ನು ಬೇಕೆಂದೇ ನೀರಸವಾಗಿ ಇಟ್ಟಿದ್ದರು. ಹೆಚ್ಚು ಮುಜುಗರಪಟ್ಟವರೇ ಅದನ್ನು ಹೆಚ್ಚು ಹೊಗಳಿದರು. ಅಷ್ಟು ಅನುಭವಿಸಿದ್ದು ದಂಡವೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ, ಅಷ್ಟೇ. ಬೇಕಿದ್ದರೆ ಒಗ್ಗಟ್ಟು ಎನ್ನಿ.

ನಾನೂ ಇದೇ ಊರಿನ ಹಾಸ್ಟೆಲಿನಲ್ಲಿ ಓದಿದವನು. ತಲೆ ನರೆತಿದೆ, ಮಗಳಿಗೆ ಮದುವೆಯಾಗಿದೆ. ಈಗಲೂ ಯಾವುದಾದರೂ ಮದುವೆಮನೆಯಲ್ಲಿ ಅಂದು ನನ್ನನ್ನು ಕಾಡಿದ ಸೀನಿಯರ್ ಎದುರಾದರೆ ಕುರ್ಚಿಯಿಂದ ತಾನಾಗಿಯೇ ಎದ್ದು ನಿಲ್ಲುತ್ತೇನೆ. ಆತ ಪ್ರೀತಿಯಿಂದ ಬೆನ್ನು ತಟ್ಟುತ್ತಾನೆ. ಮೈ ಉರಿಯುತ್ತದೆ.

ಆದರೆ ಆತನಿಗಿಂತ ನನಗೆ ಹೆಚ್ಚು ಸಿಟ್ಟು ವಾರ್ಡನ್‌ಗಳ ಮೇಲೆ. ಹೊಸಬರನ್ನು ಹದ್ದುಬಸ್ತಿನಲ್ಲಿಡುವ ಕೆಲಸವನ್ನು ಹಳಬರು ಬಿಟ್ಟಿಯಾಗಿ ಮಾಡಿಕೊಡುವಾಗ ಇವರು ಯಾಕೆ ನಿದ್ದೆಗೆಡಬೇಕು? ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಸೇನಾಧಿಕಾರಿ ಡಗ್ಲಸ್ ಮ್ಯಾಕಾರ್ಥರ್ 1919ರಲ್ಲಿ ಮುಖ್ಯಸ್ಥನಾಗಿ ಬಂದ. ವಿದ್ಯಾರ್ಥಿಯಾಗಿ ಅಲ್ಲಿಯೇ ಈ ಕಾಟ ತಿಂದವನು. ಹೊಸಬರ ಆರಂಭದ ತರಬೇತಿಯನ್ನು ಹಿರಿಯ ವಿದ್ಯಾರ್ಥಿಗಳ ಕೈಯಿಂದ ಕಿತ್ತು ಅಧಿಕಾರಿಗಳಿಗೆ ಕೊಟ್ಟ. ಸಂಪ್ರದಾಯ ಹಾಳಾಯಿತೆಂದು ಹಳೆಯ ವಿದ್ಯಾರ್ಥಿಗಳು ಗೋಳಾಡಿದರು. ಎಲ್ಲ ಕಡೆಯೂ ಅದೇ ಹಾಡು.

ನಮ್ಮಲ್ಲಿ ನಿಯಮಕ್ಕೇನು ಬರವಿಲ್ಲ. 2009ರಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರೂ ಸೀನಿಯರ್‌ಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನಿಯಮಾವಳಿ ಬಂತು: ಆದಷ್ಟೂ ಹೊಸಬರಿಗೆ ಪ್ರತ್ಯೇಕ ಬ್ಲಾಕ್ ಇರಬೇಕು, ವಾರ್ಡನ್ ಯಾವ ಹೊತ್ತಿನಲ್ಲೂ ಸಿಗಬೇಕು. ಇವರು ಪಾಲಿಸುವುದು ಸುಲಭದ್ದೊಂದನ್ನೇ, ವಿದ್ಯಾರ್ಥಿ ಮತ್ತು ಪೋಷಕರಿಂದ ಮುಚ್ಚಳಿಕೆ ಬರೆಸಿಕೊಂಡು ಫೈಲಿಗೆ ಸೇರಿಸುವುದು.

ನಾಳೆ ಆ ಹುಡುಗರ ಕಾಲೇಜಿಗೆ ಹೋಗುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ, ಹೇಳಿದರೆ ರಾತ್ರಿ ಪೆಟ್ಟು ಬೀಳುವುದು ಆ ಹೊಸನಗರದ ಹುಡುಗನಿಗೇ. ರಾತ್ರಿ ಹತ್ತರ ಮೇಲೆ ನಿಮ್ಮ ವಾರ್ಡನ್ ಮಲಗುವುದೆಲ್ಲಿ ಎಂದಷ್ಟೇ ಕೇಳುತ್ತೇನೆ. ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟಿರುವ ಗೆಳೆಯರು ಜೊತೆಗೆ ಬರುವುದಾದರೆ ಹನ್ನೊಂದಕ್ಕೆ ಬಸ್ ನಿಲ್ದಾಣದ ಹತ್ತಿರ ಸಿಗಿ.