ಬರೆದವರನ್ನು ಜೈಲಿಗೆ ಕಳಿಸುವ ಅಧಿಕಾರ ಸದನಕ್ಕೆ ಬೇಕಾ?

2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. ಒಬ್ಬರು ‘ಹಾಯ್ ಬೆಂಗಳೂರ್’ನ ರವಿ ಬೆಳಗೆರೆ, ಇನ್ನೊಬ್ಬರು ‘ಯಲಹಂಕ ವಾಯ್ಸ್’ನ ಅನಿಲ್ ರಾಜು. ಶಾಸಕರ ಬಗ್ಗೆ ಬರೆದದ್ದಕ್ಕೆ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ, ಅಂತ ಹೆಸರು.

ಪರ

ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿ ನೆನಪಿಸಿಕೊಳ್ಳಿ. ಕ್ಲಿಪ್ ಹಾಕಿ ನೇತುಬಿಟ್ಟ ವಾರಪತ್ರಿಕೆ. ಮುಖಪುಟದಲ್ಲಿ ಶಾಸಕರೊಬ್ಬರ ಫೋಟೊ, ಕೆಂಪಕ್ಷರದಲ್ಲಿ ಒಂದು ಆರೋಪ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಇದ್ದರೆ ಸಾಕು, ‘ನಾವು ಸುಮ್ನೆ ಕೇಳಿದ್ದಷ್ಟೇ’ ಅಂತ ಜಾರಿಕೊಳ್ಳಬಹುದು. ಕೊಂಡು ಓದುವವರು ನಾಲ್ಕು ಜನ. ಬಸ್ಸಿಗೆ ಕಾಯುತ್ತಾ ತಲೆಬರಹ ನೋಡಿ ನಂಬುವವರೇ ಜಾಸ್ತಿ. ಮಾನನಷ್ಟದ ಕೇಸು ಹಾಕಿದರೆ ವಾಯಿದೆ ಮೇಲೆ ವಾಯಿದೆ. ಅಷ್ಟರಲ್ಲಿ ಎರಡು ಚುನಾವಣೆ ಮುಗಿದಿರುತ್ತವೆ. ಸಂವಿಧಾನದ 194ನೇ ವಿಧಿ ಸದನಕ್ಕೆ ವಿಶೇಷ ಹಕ್ಕು ಕೊಟ್ಟಿದೆ. ಬಳಸಲೇಬಾರದು ಅನ್ನೋದಾದರೆ ಅದು ಇರೋದಾದರೂ ಯಾಕೆ?

ವಿರೋಧ

ಆ ಪತ್ರಿಕೆಗಳ ಭಾಷೆಯನ್ನು ನಾನೂ ಸಮರ್ಥಿಸುವುದಿಲ್ಲ. ಕೆಲವನ್ನು ಮನೆಯೊಳಗೆ ತರಲು ಮುಜುಗರವಾಗುತ್ತಿತ್ತು, ನಿಜ. ಆದರೆ ತೀರ್ಪು ಕೊಟ್ಟವರು ಯಾರು ನೋಡಿ. ದೂರು ಕೊಟ್ಟವರಲ್ಲಿ ಕೆ.ಬಿ. ಕೋಳಿವಾಡ ಅವರೂ ಒಬ್ಬರು. ಶಿಕ್ಷೆ ಪ್ರಕಟಿಸುವ ಹೊತ್ತಿಗೆ ಅವರೇ ಸ್ಪೀಕರ್! ವಿಚಾರಿಸಿದ ಹಕ್ಕುಬಾಧ್ಯತಾ ಸಮಿತಿಯಲ್ಲಿ ಕೂತವರೂ ಶಾಸಕರೇ. ಊರಿನ ಪಂಚಾಯ್ತಿ ಕಟ್ಟೆಯಲ್ಲೂ ಜಗಳವಾಡಿದವನನ್ನು ನ್ಯಾಯ ಹೇಳೋಕೆ ಕೂರಿಸುವುದಿಲ್ಲ, ಅಲ್ವಾ?

ವಿಶೇಷ ಹಕ್ಕು ಇರುವುದು ಸದನದ ಕೆಲಸ ಅಡ್ಡಿಯಿಲ್ಲದೆ ನಡೆಯಲಿ ಅಂತ. ಗ್ಯಾಲರಿಯಲ್ಲಿ ಕೂತು ಕೂಗಾಡಿ ಕಲಾಪ ನಿಲ್ಲಿಸಿದರೆ ಹಿಡಿದು ಹೊರಗೆ ಹಾಕಲಿ, ಬೇಡ ಅಂದವರು ಯಾರು? ಶಾಸಕರೊಬ್ಬರ ಬಗ್ಗೆ ಬರೆದದ್ದೆಲ್ಲ ಸದನದ ಬಗ್ಗೆ ಬರೆದ ಹಾಗೆ ಆಗುತ್ತಾ? ಈ ಹಕ್ಕುಗಳು ಯಾವುವು ಅಂತ ಶಾಸನಸಭೆ ಕಾನೂನು ಮಾಡಬಹುದು ಎಂದು ಅದೇ 194ನೇ ವಿಧಿ ಹೇಳುತ್ತದೆ. ಆ ಕಾನೂನನ್ನು ಮಾಡಿರಲಿಲ್ಲ. ಗೆರೆ ಎಳೆಯದೇ ಗೆರೆ ದಾಟಿದೆ ಅಂದರೆ ಹೇಗೆ?

ಈ ಕೋಲು ಹಳದಿ ಪತ್ರಿಕೆಗಳಿಗೆ ಮಾತ್ರ ಅಂದುಕೊಳ್ಳಬೇಡಿ. 2003ರಲ್ಲಿ ತಮಿಳುನಾಡು ವಿಧಾನಸಭೆ ‘ದಿ ಹಿಂದೂ’ ಪತ್ರಕರ್ತರಿಗೇ 15 ದಿನ ಜೈಲು ವಿಧಿಸಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಕೋರ್ಟ್ ನಿಧಾನ ಅಂತೀರಿ. ಹೌದು, ಜಮೀನಿನ ವ್ಯಾಜ್ಯಕ್ಕೆ ಅಲೆಯುವ ರೈತನಿಗೂ ಅದೇ ನಿಧಾನ. ಕೋರ್ಟುಗಳಿಗೆ ಬಜೆಟ್‌ನಲ್ಲಿ ದುಡ್ಡು ಮಂಜೂರು ಮಾಡುವುದು ಇದೇ ಸದನ ತಾನೇ?